ಬಿಸಿಲು ಇಳಿಯುವ ಮೊದಲು ಹಾಸಿಗೆ ಒಳಗೆ

ಸುಗ್ಗಿ ಹಬ್ಬ ಹುತ್ತರಿ ಮುಗಿದರೆ ಸಾಕು, ನಮ್ಮ ಕೊಡಗಿನ ಕಡೆ ಒಂದು ರಾಗ ಶುರು. ಅಯ್ಯೋ ಚಳಿ, ಅಯ್ಯೋ ಚಳಿ. ಹಾಡುವವರು ಮುದುಕರಲ್ಲ, ಇಪ್ಪತ್ತೈದು ಮೂವತ್ತರ ಹುಡುಗ ಹುಡುಗಿಯರು. ಹಗಲೆಲ್ಲ ಕಿಟಕಿ ಬಾಗಿಲು ಹಾಕಿಕೊಂಡು, ಮಂಕಿ ಕ್ಯಾಪ್ ಏರಿಸಿಕೊಂಡು, ಹೀಟರ್ ಮುಂದೆ ಕೂತಿರುತ್ತಾರೆ. ಹೊರಗೆ ಕಾಫಿ ಒಣಗಿಸುವ ಕಣದಲ್ಲಿ ಚಿನ್ನದಂಥ ಬಿಸಿಲು ಸುಮ್ನೆ ಹಾಳಾಗುತ್ತಿರುತ್ತದೆ. ಸಂಜೆ ಐದಾದ ಮೇಲೆ "ಸ್ವಲ್ಪ ಗಾಳಿ ಬರಲಿ" ಅಂತ ಕಿಟಕಿ ತೆಗೆಯುತ್ತಾರೆ! ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಹಾಸಿಗೆ ತಣ್ಣಗಿತ್ತು ಅಂತ ನನ್ನ ಹತ್ತಿರವೇ ದೂರು. ನೋಡಿ ನೋಡಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಚಳಿ ಎರಡು ತರಹ. ಆಷಾಢ ಶ್ರಾವಣದ್ದು ಒದ್ದೆ ಚಳಿ. ಗೋಡೆ ಬೆವರುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅದಕ್ಕೆ ಬೆಂಕಿ ಬಿಟ್ಟರೆ ಬೇರೆ ಮದ್ದಿಲ್ಲ. ಡಿಸೆಂಬರ್ ಜನವರಿಯದು ಹಾಗಲ್ಲ, ಒಣ ಚಳಿ. ಮೋಡ ಇರುವುದಿಲ್ಲ. ಹಗಲು ಚೆನ್ನಾಗಿ ಕಾಯುತ್ತದೆ, ಕತ್ತಲಾದ ಮೇಲೆ ನೆಲದ ಬಿಸಿಯೆಲ್ಲ ಬರಿಯ ಆಕಾಶಕ್ಕೆ ಹೊರಟು ಹೋಗುತ್ತದೆ. ಮಡಿಕೇರಿಯಲ್ಲಿ ಬೆಳಗಿನ ಜಾವ 10-12 ಡಿಗ್ರಿಗೆ ಇಳಿದಿದ್ದರೂ ಮಧ್ಯಾಹ್ನ ಅಂಗಳದಲ್ಲಿ ಬರಿಗಾಲಲ್ಲಿ ನಿಂತರೆ ಕಾಲು ಸುಡುತ್ತದೆ. ಅಂದರೆ ಬೇಕಾದ ಬಿಸಿಯೆಲ್ಲ ಹಗಲು ಪುಕ್ಕಟೆ ಸಿಗುತ್ತದೆ. ಅದನ್ನು ಹಿಡಿದು ಮನೆಯೊಳಗೆ ತಂದು ಇಟ್ಟುಕೊಳ್ಳಬೇಕು, ಅಷ್ಟೇ ಕೆಲಸ. ಹೊತ್ತು ನೋಡಿ ಮಾಡಬೇಕು ಅನ್ನುವುದೊಂದೇ ಕಷ್ಟ. ಈಗಿನವರಿಗೆ ಫೋನಿನಲ್ಲಿ ಗಂಟೆ ಕಾಣುತ್ತದೆ, ಅಂಗಳದ ನೆರಳು ಕಾಣುವುದಿಲ್ಲ.

ಮೊದಲು ಕಿಟಕಿ. ಬೆಳಗ್ಗೆ ಎದ್ದ ತಕ್ಷಣ ತೆಗೆಯಬೇಡಿ, ಮಂಜೆಲ್ಲ ಒಳಗೆ ಬರುತ್ತದೆ. ಇಬ್ಬನಿ ಆರಲಿ. ಬಿಸಿಲು ಗೋಡೆಗೆ ಬಿದ್ದ ಮೇಲೆ ಪೂರ್ವದ ಕಿಟಕಿ, ಆಮೇಲೆ ದಕ್ಷಿಣದ್ದು, ಊಟ ಆದ ಮೇಲೆ ಪಶ್ಚಿಮದ್ದು. ಪರದೆಯನ್ನೂ ಪೂರ್ತಿ ಸರಿಸಿ. ಸೋಫಾ ಬಣ್ಣ ಹೋಗುತ್ತದೆ ಅಂತ ಪರದೆ ಎಳೆದುಕೊಂಡು ನಡುಗುವವರಿಗೆ ನಾನು ಏನು ಹೇಳಲಿ? ನಾಲ್ಕಕ್ಕೆ ಎಲ್ಲ ಮುಚ್ಚಿ. ಮಳೆಗಾಲದ ತೇವ ಗೋಡೆಯಲ್ಲಿ ಉಳಿದಿರುತ್ತದೆ, ಅದು ಹೊರಗೆ ಹೋಗದಿದ್ದರೆ ಎಷ್ಟು ಹೊದ್ದರೂ ಮೈ ಕೊರೆಯುತ್ತದೆ.

ಈಗ ಹಾಸಿಗೆ. ಇದನ್ನು ಮಾತ್ರ ಗಮನ ಇಟ್ಟು ಓದಿ.

ಹಾಸಿಗೆ ಬಿಸಿಲಿಗೆ ಹಾಕುವುದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಗೊತ್ತಿಲ್ಲ. ಬೆಳಗ್ಗೆ ಎಂಟಕ್ಕೇ ತಂದು ಹಗ್ಗದ ಮೇಲೆ ಎಸೆಯುತ್ತಾರೆ, ಸಂಜೆ ಆರಕ್ಕೆ ನೆನಪಾಗಿ ಎಳೆದುಕೊಂಡು ಬರುತ್ತಾರೆ. ಬೆಳಗ್ಗೆ ಇಬ್ಬನಿ ಕುಡಿದು, ಸಂಜೆ ಮತ್ತೆ ಇಬ್ಬನಿ ಕುಡಿದು ಒಳಗೆ ಬಂದ ಹಾಸಿಗೆ ಅದು. ಅದಕ್ಕಿಂತ ಹಾಕದೇ ಇದ್ದರೆ ವಾಸಿ.

ನಾನು ಮಾಡುವುದು ಹೀಗೆ. ಹತ್ತು ಗಂಟೆ ಹೊತ್ತಿಗೆ ಕಣಕ್ಕೆ ಹೋಗಿ ಸಿಮೆಂಟ್ ನೆಲದ ಮೇಲೆ ಅಂಗೈ ಇಡುತ್ತೇನೆ. ತಣ್ಣಗಿದ್ದರೆ ವಾಪಸ್. ಬೆಚ್ಚಗೆ ಹತ್ತಿದರೆ ಮಾತ್ರ ಹಾಸಿಗೆ ಹೊರಗೆ. ಹಗ್ಗದ ಮೇಲೆ ಹಾಕುವುದೇ ಇಲ್ಲ, ಅದಕ್ಕೆ ಒಂದು ಕಡೆಯ ಬಿಸಿಲಷ್ಟೇ ಸಿಗುತ್ತದೆ. ನೆಲದ ಮೇಲೆ ಹಾಕಿದರೆ ಕೆಳಗಿನಿಂದ ಸಿಮೆಂಟ್ ಕಾವು, ಮೇಲಿನಿಂದ ಸೂರ್ಯನ ಕಾವು. ಕಣವನ್ನು ಮೊದಲು ಗುಡಿಸಿ, ಹಳೆ ಸೀರೆ ಎರಡು ಮಡಿಕೆ ಮಾಡಿ ಹಾಸಬೇಕು. ಇಲ್ಲದಿದ್ದರೆ ಕಾಫಿ ಹಣ್ಣಿನ ಕರೆ ಹತ್ತುತ್ತದೆ. ಆ ಕರೆ ಹೋಗುವುದಿಲ್ಲ, ನಿಂಬೆಹಣ್ಣು ತಿಕ್ಕಿ ಸುಸ್ತಾಗಬೇಡಿ. ಅದರ ಮೇಲೆ ಹತ್ತಿ ಹಾಸಿಗೆ, ಪಕ್ಕದಲ್ಲಿ ದಿಂಬು, ರಗ್ಗು, ಕಂಬಳಿ, ಒಂದರ ಮೇಲೆ ಒಂದು ಬೀಳದ ಹಾಗೆ. ಬೂರುಗದ ಹತ್ತಿಯ ದಿಂಬು ಇದ್ದರೆ ನೋಡಿ, ಗಂಟೆಯೊಳಗೆ ಉಬ್ಬಿ ಹೊಸದರ ಹಾಗೆ ಆಗುತ್ತದೆ. ಫೋಮ್ ಹಾಸಿಗೆಯವರು ಈ ಸಾಹಸ ಮಾಡಬೇಡಿ. ಫೋಮ್ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಅದನ್ನು ಜಗಲಿಯಲ್ಲಿ ಗಾಳಿಗೆ ನಿಲ್ಲಿಸಿ, ಮೇಲೆ ಹಾಸುವ ಹೊದೆಯುವ ಬಟ್ಟೆಗೆ ಮಾತ್ರ ಬಿಸಿಲು ತೋರಿಸಿ.

ನೆತ್ತಿ ಮೇಲೆ ಸೂರ್ಯ ಬಂದಾಗ ಎಲ್ಲ ಮಗುಚಬೇಕು. ಬೆತ್ತ ತೆಗೆದುಕೊಂಡು ದೂಳು ಬಡಿಯಬೇಕಾದ್ದೂ ಆಗಲೇ. ಎಲ್ಲರೂ ತಪ್ಪುವುದು ಇಲ್ಲೇ. ಒಳಗೆ ತರುವಾಗ ಪಟಪಟ ಬಡಿಯುತ್ತಾರೆ. ಇಡೀ ದಿನ ಹಿಡಿದ ಕಾವನ್ನು ಬಡಿದು ಓಡಿಸಿ, ಬರೀ ಬಟ್ಟೆ ಒಳಗೆ ತಂದ ಹಾಗಾಯಿತಲ್ವಾ?

ಮೂರು ಗಂಟೆಗೆ ತೆಗೆಯಬೇಕು. ಮೂರೂವರೆ ಕೊನೆ. ನಮ್ಮದು ಗುಡ್ಡದ ಊರು, ಸೂರ್ಯ ಮುಳುಗಲು ಇನ್ನೂ ಹೊತ್ತಿದ್ದರೂ ಅಂಗಳಕ್ಕೆ ಬೇಗ ನೆರಳು ಬರುತ್ತದೆ. ನಮ್ಮ ಅತ್ತೆ ಗಡಿಯಾರ ನೋಡಿದವರಲ್ಲ. ಹಲಸಿನ ಮರದ ನೆರಳು ಬಾವಿಕಟ್ಟೆ ಮುಟ್ಟಿತು ಅಂದರೆ ಹಾಸಿಗೆ ಒಳಗೆ ಇರಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಬರೀ ಅಧಿಕಾರ ಅನ್ನಿಸುತ್ತಿತ್ತು. ಅವರು ಬೈದವರೂ ಅಲ್ಲ. ಸಂಜೆ ಬಂದು ಸುತ್ತಿಟ್ಟ ಹಾಸಿಗೆಯ ಮಧ್ಯಕ್ಕೆ ಮೊಣಕೈವರೆಗೆ ಕೈ ತೂರಿಸುತ್ತಿದ್ದರು. ಬಿಸಿ ಇದ್ದರೆ ಮಾತಿಲ್ಲದೆ ಹೋಗುವುದು. ಇಲ್ಲದಿದ್ದರೆ "ಹ್ಞೂಂ" ಅಂತ ಒಂದು ಸದ್ದು. ಆ "ಹ್ಞೂಂ" ಕೇಳಬಾರದು ಅಂತಲೇ ನಾವು ಸೊಸೆಯಂದಿರು ಮೂರಕ್ಕೆ ಓಡುತ್ತಿದ್ದೆವು.

ತೆಗೆಯುವ ಕ್ರಮ ಇದೆ. ಬಿಸಿಲು ಕಂಡ ಮೈ ಒಳಗೆ ಬರುವ ಹಾಗೆ ರಗ್ಗನ್ನು ಮಡಿಸಿ ಹಾಸಿಗೆಯ ಮೇಲಿಡಿ. ದಿಂಬನ್ನು ಅದರ ನಡುವೆ ಇಟ್ಟು, ತಲೆ ಕಡೆಯಿಂದ ಬಿಗಿಯಾಗಿ ಸುತ್ತುತ್ತಾ ಬನ್ನಿ. ಸಡಿಲ ಬಿಟ್ಟರೆ ನಡುವೆ ಗಾಳಿ ಸೇರುತ್ತದೆ. ಮೇಲಿಂದ ಕರಿ ಕಂಬಳಿ ಸುತ್ತಿ. ಕಪ್ಪು ಬಣ್ಣ ಬಿಸಿಲನ್ನು ಚೆನ್ನಾಗಿ ಎಳೆದುಕೊಂಡಿರುತ್ತದೆ, ಉಣ್ಣೆ ಒಳಗಿನ ಕಾವನ್ನು ಬಿಡುವುದೂ ಇಲ್ಲ. ಸೀರೆ ಅಂಚಿನ ಪಟ್ಟಿಯಿಂದ ಎರಡು ಕಡೆ ಕಟ್ಟಿ ಮಂಚದ ಮೇಲೆ ಇಡಿ. ನೆಲದ ಮೇಲೆ ಬೇಡ, ರೆಡ್ ಆಕ್ಸೈಡ್ ನೆಲವಾಗಲಿ ಟೈಲ್ಸ್ ಆಗಲಿ ಐದೇ ನಿಮಿಷದಲ್ಲಿ ಬಿಸಿ ಹೀರಿಬಿಡುತ್ತದೆ. ಇನ್ನು ಮಲಗುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. "ಸ್ವಲ್ಪ ಒರಗಿಕೊಳ್ಳುತ್ತೇನೆ" ಅನ್ನುವ ಗಂಡಸರು ಜಗಲಿಯಲ್ಲಿ ಒರಗಿಕೊಳ್ಳಲಿ.

ರಾತ್ರಿ ಹಾಸುವಾಗ ಕಂಬಳಿ ಕೆಳಗೆ, ರಗ್ಗು ಮೇಲೆ. ಮೂರು ಮೂರು ರಗ್ಗು ಹೊದ್ದು ಕೆಳಗೆ ತೆಳು ಬೆಡ್‌ಶೀಟ್ ಹಾಸಿಕೊಂಡರೆ ಚಳಿ ಹೇಗೆ ಹೋಗುತ್ತದೆ? ಬೆನ್ನಿನಡಿ ಹತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ, ಕೊರೆತ ಅಲ್ಲಿಂದಲೇ ಏರುವುದು. ಉಣ್ಣೆ ಚುಚ್ಚುತ್ತದೆ ಅನ್ನುವವರು ಮೇಲೊಂದು ಹತ್ತಿ ಬಟ್ಟೆ ಹಾಸಿಕೊಳ್ಳಿ. ಅತ್ತೆ ಹೇಳಿದ್ದನ್ನೆಲ್ಲ ನಾನು ಪಾಲಿಸಲಿಲ್ಲ, ಇದನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಆ ಹಾಸಿಗೆಗೆ ಕಾಲು ಚಾಚಿದಾಗ ಬರುವ ಬಿಸಿಲಿನ ವಾಸನೆ ಯಾವ ಹೀಟರ್‌ನಲ್ಲೂ ಇಲ್ಲ.

ಕಣದ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಹಾಸಿಗೆಗೆ ಜಾಗ ಸಿಗುವುದೂ ಇದರಿಂದಲೇ ಕಷ್ಟವಾಗಿರುವುದು. ಅರೇಬಿಕಾ ಕೊಯ್ಲು ನಡೆಯುವಾಗ ಕಣ ತುಂಬ ಹಣ್ಣು. ಈಗಿನ ಹುಡುಗರು ಜಾಗ ಸಾಲದು ಅಂತ ಗೇಣುದ್ದ ದಪ್ಪ ಹರವಿ, ದಿನಕ್ಕೊಂದು ಸಲ ಕಾಲಲ್ಲಿ ಕೆದಕಿ ಹೋಗುತ್ತಾರೆ. ಅಡಿಯ ಹಣ್ಣು ಬೂಷ್ಟು ಹಿಡಿಯದೆ ಇನ್ನೇನು? ತೆಳ್ಳಗೆ ಹರವಿ, ಗಂಟೆಗೊಂದು ಸಲ ಕೈಯಾಡಿಸಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ಅದಕ್ಕಾದರೆ ಮನೆ ಮಂದಿಯೆಲ್ಲ ಓಡುತ್ತಾರೆ, ಹಾಸಿಗೆಗೆ ನಾನೊಬ್ಬಳೇ. ಇರಲಿ.

ಬಿಸಿನೀರಿಗೆ ನಮ್ಮಲ್ಲಿ ಈಗಲೂ ಹಂಡೆ ಒಲೆ. ಸಿಲ್ವರ್ ಓಕ್ ಸೌದೆ ಬೇಗ ಹತ್ತುತ್ತದೆ, ಬೇಗ ಬೂದಿಯಾಗುತ್ತದೆ. ಉರಿ ಎಬ್ಬಿಸಲು ಅದು, ಕಾವು ನಿಲ್ಲಲು ಹಳೆ ಕಾಫಿ ಗಿಡದ ಬೊಡ್ಡೆ. ಕಿತ್ತಳೆ ಸಿಪ್ಪೆ ಎಸೆಯಬೇಡಿ. ಒಲೆಯ ದಂಡೆ ಮೇಲೆ ಒಣಗಿಸಿ ಇಟ್ಟುಕೊಂಡರೆ ಬೆಳಗ್ಗೆ ಬೆಂಕಿ ಹೊತ್ತಿಸಲು ಸೀಮೆಎಣ್ಣೆ ಬೇಡ. ಸಿಪ್ಪೆಯಲ್ಲಿ ಎಣ್ಣೆ ಇದೆ, ಚಟಪಟ ಹತ್ತಿಕೊಳ್ಳುತ್ತದೆ, ಬಚ್ಚಲೆಲ್ಲ ಘಮ್ಮನ್ನುತ್ತದೆ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟರೆ ಬೆಳಗ್ಗೆ ಕೆದಕಿದಾಗ ಇನ್ನೂ ಜೀವ ಇರುತ್ತದೆ.

ಆದರೆ ಆ ಕೆಂಡವನ್ನು ಮಲಗುವ ಕೋಣೆಗೆ ತಂದೀರಿ ಜೋಕೆ. ಇದು ಸುಮ್ನೆ ಗದರುವ ಮಾತಲ್ಲ. ನಮ್ಮ ಕಾಲದ ಹೆಂಚಿನ ಮನೆಗೆ ನೂರು ಸಂದು ಇತ್ತು, ಹೊಗೆ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಈಗ ತಾರಸಿ ಮನೆ, ಬಿಗಿ ಕಿಟಕಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಗ್ಯಾಸ್ ಗೀಸರ್‌ಗೂ ಇದೇ ಮಾತು. ಅದನ್ನು ಬಚ್ಚಲ ಹೊರಗಡೆ ಕೂರಿಸಿ. ಚಳಿ ಅಂತ ಬಚ್ಚಲಿನ ಗಾಳಿಕಿಂಡಿಗೆ ಬಟ್ಟೆ ತುರುಕಿದ್ದರೆ ಈಗಲೇ ಹೋಗಿ ತೆಗೆಯಿರಿ.

ಅಡುಗೆಮನೆಯ ಗೋಳು ಬೇರೆ. ದೋಸೆ ಹಿಟ್ಟು ಹುದುಗಲಿಲ್ಲ ಅಂತ ಸೋಡಾ ಹಾಕುತ್ತಾರೆ. ಯಾಕೆ? ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಸಂಜೆ ಬೇಗ ರುಬ್ಬಿ, ಅಡುಗೆ ಮುಗಿದ ಒಲೆಯ ಪಕ್ಕ ಇಡಿ. ಮೊಸರಿಗೆ ಹಾಲು ಸ್ವಲ್ಪ ಜಾಸ್ತಿ ಬೆಚ್ಚಗಿರಲಿ, ಹೆಪ್ಪು ಸ್ವಲ್ಪ ಮುಂದಾಗಿರಲಿ, ಪಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅದು ಅದರ ಗುಣ, ಕೆಟ್ಟಿದೆ ಅಂತಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಒಲೆಯ ಮೇಲೆ ಹಿಡಿಯುವ ಬುದ್ಧಿವಂತರು ನಮ್ಮ ಮನೆಯಲ್ಲೇ ಇದ್ದಾರೆ. ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ ಬಿಸಿಲು ಬರುವ ಕಿಟಕಿಯಲ್ಲಿಟ್ಟರೆ ಆಯಿತು. ಹಿಮ್ಮಡಿ ಒಡೆದಿದ್ದರೆ ಆ ಎಣ್ಣೆಯನ್ನೇ ರಾತ್ರಿ ಕಾಲು ತೊಳೆದು ಒರೆಸಿ ಹಚ್ಚಿ, ಹಳೆ ಕಾಲುಚೀಲ ಹಾಕಿಕೊಂಡು ಮಲಗಿ. ಕುದಿಯುವ ನೀರಲ್ಲಿ ಮುಕ್ಕಾಲು ಗಂಟೆ ಸ್ನಾನ ಮಾಡಿ ಚರ್ಮ ಬಿರಿಯಿತು ಅಂದರೆ ಯಾವ ಕ್ರೀಮೂ ಏನೂ ಮಾಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಚಳಿಯನ್ನು ಓಡಿಸಲು ಅಂದುಕೊಳ್ಳಬೇಡಿ. ನನಗೆ ವರ್ಷದಲ್ಲಿ ಇಷ್ಟವಾದ ಕಾಲವೇ ಇದು. ಬೆಂಗಳೂರಿನಿಂದ ಗಾಡಿ ಓಡಿಸಿಕೊಂಡು ಬಂದವರು ಬೆಳಗ್ಗೆ ರಾಜಾಸೀಟಿನಲ್ಲಿ ನಿಂತು ಕಣಿವೆಯ ಮಂಜು ನೋಡುತ್ತಾರೆ, ನೀವು ಇಲ್ಲೇ ಹುಟ್ಟಿ ಹೊದ್ದು ಮಲಗಿರುತ್ತೀರಿ. ಎದ್ದು ಬನ್ನಿ. ಶಾಲು ಹೊದ್ದು, ಬೆಲ್ಲದ ಕಾಫಿ ದೊಡ್ಡ ಲೋಟದಲ್ಲಿ ಮಾಡಿಕೊಂಡು ಜಗಲಿಗೆ ಬನ್ನಿ. ಹಾಲು ಬೇಡ. ಎರಡು ಒಳ್ಳೆಮೆಣಸು ಕುಟ್ಟಿ ಹಾಕಿ. ಜೇಡರಬಲೆ ಒಂದೊಂದೂ ಕಾಫಿ ಗಿಡದ ಮೇಲೆ ನೀರು ಹೊತ್ತು ಬಿಳಿಯಾಗಿ ಕೂತಿರುತ್ತದೆ, ಬಿಸಿಲು ಬಂದು ಅರ್ಧ ಗಂಟೆಗೆ ಒಂದೂ ಕಾಣುವುದಿಲ್ಲ. ಹುತ್ತರಿ ಗೆಣಸು ಉಳಿದಿದ್ದರೆ ಹಂಡೆ ಒಲೆಯ ಬೂದಿಯಲ್ಲಿ ಹೂತು ಸುಟ್ಟು, ಜೇನುತುಪ್ಪದಲ್ಲಿ ಅದ್ದಿ ತಿನ್ನಿ. ಮಧ್ಯಾಹ್ನ ಕಣದ ಅಂಚಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕಿತ್ತಳೆ ಬಿಡಿಸಿ. ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಉಗುರು ತಾಗಿದರೆ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಹೊಳೆಯುವ ಹಣ್ಣಿನ ಜೊತೆ ಅದನ್ನು ಹೋಲಿಸುವವರ ಹತ್ತಿರ ನಾನು ವಾದ ಮಾಡುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ. ಆಗ ಕಂಬಳಿಯನ್ನು ಹಾಗೇ ಮಡಿಸಿ ಅಟ್ಟಕ್ಕೆ ಎಸೆಯಬೇಡಿ. ಎರಡು ದಿನ ಒಳ್ಳೆ ಬಿಸಿಲು ತೋರಿಸಿ. ಈ ಸಲ ಮಾತ್ರ ಪೂರ್ತಿ ತಣ್ಣಗಾದ ಮೇಲೆ ಮಡಿಸಬೇಕು, ಬಿಸಿಯಾಗಿ ಕಟ್ಟಿಟ್ಟರೆ ಒಳಗೆ ಬೆವರುತ್ತದೆ. ಮಡಿಕೆಗಳ ನಡುವೆ ಒಣಗಿದ ಬೇವಿನ ಸೊಪ್ಪು ಇಟ್ಟು, ಹಳೆ ಹತ್ತಿ ಸೀರೆಯಲ್ಲಿ ಗಂಟು ಕಟ್ಟಿ. ಅಂಗಡಿಯವರು ಕೊಟ್ಟ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಜೂನ್‌ನಲ್ಲಿ ಮಳೆ ಹಿಡಿದಾಗ ಅದರೊಳಗೆ ಬೂಷ್ಟು ಬೆಳೆಯುತ್ತದೆ, ಆಮೇಲೆ ಹುತ್ತರಿ ಹೊತ್ತಿಗೆ ಮೂಗು ಮುಚ್ಚಿಕೊಂಡು ನನಗೆ ಫೋನ್ ಮಾಡಬೇಡಿ.