ಸಿನಿಮಾದಿಂದ ಕನ್ನಡ ಪದ ಕಲಿಸೋದು ಹೀಗೆ

ನಮ್ಮ ಮುಳಬಾಗಿಲಿನ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ನಮ್ಮ ಮನೆಯೂ ಹಾಗೇ. ಮಗಳ ಕನ್ನಡ ಪದಗಳು ಹೆಚ್ಚಲಿ ಅಂತ ಹಳೆಯ ಪೌರಾಣಿಕ ಸಿನಿಮಾ ತೋರಿಸತೊಡಗಿದೆ. ನಿಜಕ್ಕೂ ಕೆಲಸ ಮಾಡ್ತಿದೆ.

ಇಡೀ ಸಿನಿಮಾ ಬೇಡ, ಹತ್ತು ನಿಮಿಷದ ಒಂದು ದೃಶ್ಯ ಸಾಕು. ಮೊದಲ ಸಲ ಸುಮ್ನೆ ನೋಡಲಿ. ಎರಡನೇ ಸಲ ಗೊತ್ತಿಲ್ಲದ ಪದ ಬಂದಾಗ ನಿಲ್ಲಿಸಿ, ಅರ್ಥ ಏನಿರಬಹುದು ಅಂತ ಕೇಳಿ. ತಕ್ಷಣ ಹೇಳಿಬಿಡಬೇಡಿ. ಮೊನ್ನೆ 'ಅರಿಭಯಂಕರ' ಅಂತ ಬಂತು. 'ಅರಿ' ಅಂದ್ರೆ ತಿಳಿ ಅಲ್ವಾ, ಭಯ ತಿಳಿದವನು ಅಂದಳು. ಸೊಗಸಾದ ಊಹೆ! ಇಲ್ಲಿ 'ಅರಿ' ಅಂದರೆ ಶತ್ರು, ಶತ್ರುಗಳಿಗೆ ಭಯ ಹುಟ್ಟಿಸುವವನು ಅಂದೆ. ಊಹಿಸಿ ತಪ್ಪಿದ ಪದವನ್ನು ಅವಳು ಈವರೆಗೆ ಮರೆತಿಲ್ಲ.

ಪದವನ್ನು ಒಂಟಿಯಾಗಿ ಬರೆಸಬೇಡಿ, ಸಂಭಾಷಣೆಯ ಪೂರ್ತಿ ಸಾಲು ಬರೆಸಿ. ದಿನಕ್ಕೆ ಮೂರು ಪದ, ಅದಕ್ಕಿಂತ ಜಾಸ್ತಿ ಬೇಡ. ಅರ್ಥ ನೋಡಲು 'ಅಲರ್' ಅನ್ನೋ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ, 1,50,000ಕ್ಕೂ ಹೆಚ್ಚು ಪದಗಳಿವೆ.

ತೆಲುಗು ಮನೆಮಾತಿನವರಿಗೆ ಇನ್ನೊಂದು ಅನುಕೂಲ. ತೆಲುಗಿನ ಪಾಲು ನಮ್ಮಲ್ಲಿ ಹಾಲು, ಪುಲಿ ಹುಲಿ. ಹಳಗನ್ನಡದಲ್ಲೂ 'ಪ'ಕಾರವೇ ಇತ್ತು. ಇದನ್ನು ತೋರಿಸಿದ ದಿನ ಮಗಳು ಊಟ ಬಿಟ್ಟು ಇಂಥ ಜೋಡಿಗಳನ್ನೇ ಹುಡುಕುತ್ತಾ ಕೂತಳು.

ರಾತ್ರಿ ಮಲಗೋ ಮುಂಚೆ ಆ ಮೂರು ಪದ ಹಾಕಿ ಮನೆಯ ವಿಷಯದ ಮೇಲೆ ಒಂದೊಂದು ವಾಕ್ಯ ಹೇಳಿಸಿ.