ಲಿನಕ್ಸ್ ಇನ್‌ಸ್ಟಾಲರ್‌ಗೆ ನಿಮ್ಮದೇ ತಂತ್ರಾಂಶ ಗುಂಪುಗಳನ್ನು ಜೋಡಿಸುವ ಕ್ರಮ

ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯ ಹನ್ನೆರಡು ಗಣಕಗಳಿಗೆ ಫೆಡೋರಾ ಲಿನಕ್ಸ್ ಹಾಕುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಇನ್‌ಸ್ಟಾಲರ್‌ನ ತಂತ್ರಾಂಶ ಆಯ್ಕೆಯ ಪರದೆಯಲ್ಲಿ ಶಿಕ್ಷಕರಿಗೆ ಕಾಣಲೆಂದು ನಾನು ‘ಗ್ರಾಫಿಕ್ಸ್’, ‘ಇಂಟರ್ನೆಟ್’, ‘ಆಫೀಸ್’, ‘ಶಿಕ್ಷಣ’, ‘ಉಪಕರಣಗಳು’ ಎಂದು ಗುಂಪುಗಳನ್ನು ಮಾಡಿಟ್ಟಿದ್ದೆ. ಯಾವುದನ್ನು ಬಿಟ್ಟರೆ ಪಾಠಕ್ಕೆ ತೊಂದರೆಯಾಗುತ್ತದೋ ಎಂಬ ಆತಂಕದಲ್ಲಿ ಶಿಕ್ಷಕರು ಎಲ್ಲದಕ್ಕೂ ಗುರುತು ಹಾಕಿದರು. ನಿಧಾನದ ಸಂಪರ್ಕದಲ್ಲಿ ರಾತ್ರಿಯಿಡೀ ಪ್ಯಾಕೇಜುಗಳು (ತಂತ್ರಾಂಶದ ಸಿದ್ಧ ಕಟ್ಟುಗಳು) ಇಳಿಯುತ್ತಲೇ ಇದ್ದವು. ತಪ್ಪು ಶಿಕ್ಷಕರದ್ದಾಗಿರಲಿಲ್ಲ. ಅವರು ಮಾಡಬೇಕಾದ ಕೆಲಸದ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅಂದಿನಿಂದ ಗುಂಪುಗಳನ್ನು ತಂತ್ರಾಂಶದ ಜಾತಿಯ ಮೇಲೆ ವಿಂಗಡಿಸದೆ, ಗಣಕದ ಮುಂದೆ ಕುಳಿತವರ ಕೆಲಸದ ಮೇಲೆ ವಿಂಗಡಿಸುತ್ತ ಬಂದಿದ್ದೇನೆ. ಆ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ಆಜ್ಞೆಗಳ ಮತ್ತು ಪ್ಯಾಕೇಜುಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಗಣಕದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಬರೆಯಬೇಕು.

ಮೊದಲಿಗೆ ಯಾವ ಇನ್‌ಸ್ಟಾಲರ್ ಎಂಬುದು ಸ್ಪಷ್ಟವಾಗಿರಲಿ. ಫೆಡೋರಾದ ಇನ್‌ಸ್ಟಾಲರ್‌ಗೆ ಅನಕೊಂಡ ಎಂದು ಹೆಸರು. ಡೆಸ್ಕ್‌ಟಾಪ್‌ನ ಲೈವ್ ಪೆನ್‌ಡ್ರೈವ್‌ನಿಂದ ಸ್ಥಾಪಿಸಿದರೆ ಅದರಲ್ಲಿರುವ ಇಡೀ ವ್ಯವಸ್ಥೆ ಹಾಗೆಯೇ ಡಿಸ್ಕಿಗೆ ನಕಲಾಗುತ್ತದೆ. ಅಲ್ಲಿ ತಂತ್ರಾಂಶ ಆಯ್ಕೆಯ ಪರದೆಯೇ ಬರುವುದಿಲ್ಲ. ನಮ್ಮ ಕೆಲಸಕ್ಕೆ ಬೇಕಾದದ್ದು ‘ಎವೆರಿಥಿಂಗ್’ ಹೆಸರಿನ ನೆಟ್‌ವರ್ಕ್ ಇನ್‌ಸ್ಟಾಲ್ ಮಾಧ್ಯಮ. ಅದರ ಆಯ್ಕೆಯ ಪರದೆಯಲ್ಲಿ ಎಡಕ್ಕೆ ಡೆಸ್ಕ್‌ಟಾಪ್ ಪರಿಸರಗಳೂ, ಬಲಕ್ಕೆ ಆ ಪರಿಸರದೊಂದಿಗೆ ಸೇರಿಸಿಕೊಳ್ಳಬಹುದಾದ ಗುಂಪುಗಳೂ ಕಾಣುತ್ತವೆ. ಎಡಭಾಗದಲ್ಲಿ ಒಂದನ್ನು ಮಾತ್ರ ಆರಿಸಬಹುದು; ಬಲಭಾಗದಲ್ಲಿ ಎಷ್ಟಕ್ಕಾದರೂ ಗುರುತು ಹಾಕಬಹುದು. ಈ ಎರಡೂ ಪಟ್ಟಿಗಳು, ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ತಾಣವಾದ ಪ್ಯಾಕೇಜ್ ಭಂಡಾರದಲ್ಲಿರುವ ‘ಕಾಂಪ್ಸ್’ ಎಂಬ ಒಂದು ಎಕ್ಸ್‌ಎಂಎಲ್ ಕಡತದಿಂದ ಬರುತ್ತವೆ. ಆ ಕಡತವನ್ನು ಬರೆಯಬಲ್ಲವರು ಇನ್‌ಸ್ಟಾಲರ್‌ನ ಒಂದು ಸಾಲನ್ನೂ ಮುಟ್ಟದೆ ಆಯ್ಕೆಯ ಪರದೆಯನ್ನು ತಮಗೆ ಬೇಕಾದಂತೆ ರೂಪಿಸಬಹುದು.

ಗಣಕದ ಮುಂದೆ ಕೂರುವ ಮೊದಲು ಕಾಗದ

ಕಡತ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಕೆಲಸಗಳನ್ನು ಬರೆದುಕೊಳ್ಳಿ, ತಂತ್ರಾಂಶಗಳನ್ನಲ್ಲ. ಶಾಲೆಯ ಪಟ್ಟಿ ಹೀಗಿರಬಹುದು: ಪ್ರಶ್ನೆಪತ್ರಿಕೆ ಮತ್ತು ಅಂಕಪಟ್ಟಿ ತಯಾರಿಸುವುದು, ಕೆಳಗಿನ ತರಗತಿಯ ಮಕ್ಕಳಿಗೆ ಮೌಸ್ ಹಿಡಿಯುವುದನ್ನು ಕಲಿಸುವುದು, ವಿಜ್ಞಾನದ ಪಾಠ ತೋರಿಸುವುದು, ಪೈಥಾನ್ ಕಲಿಸುವುದು. ಬೆಳಗಾವಿಯ ಒಂದು ಸಣ್ಣ ಮುದ್ರಣಾಲಯದ ಪಟ್ಟಿ ಬೇರೆಯೇ ಆಗಿತ್ತು: ಕನ್ನಡ ಮತ್ತು ಮರಾಠಿ ಲಗ್ನಪತ್ರಿಕೆ, ಕರಪತ್ರ, ಹಳೆಯ ಹಾಳೆಗಳ ಸ್ಕ್ಯಾನಿಂಗ್. ಪ್ರತಿಯೊಂದು ಕೆಲಸದ ಎದುರು ಅದಕ್ಕೆ ತೀರಾ ಅಗತ್ಯವಾದ ತಂತ್ರಾಂಶಗಳನ್ನು ಬರೆಯುತ್ತ ಹೋಗಿ. ಮಕ್ಕಳ ಕೆಲಸಕ್ಕೆ ಜಿಕಾಂಪ್ರಿ ಮತ್ತು ಟಕ್ಸ್ ಪೇಂಟ್, ವಿಜ್ಞಾನಕ್ಕೆ ಸ್ಟೆಲ್ಲೇರಿಯಂ ಮತ್ತು ಕಾಲ್ಜಿಯಂ, ಪೈಥಾನ್‌ಗೆ ಥಾನಿ, ಮುದ್ರಣಕ್ಕೆ ಸ್ಕ್ರೈಬಸ್, ಇಂಕ್‌ಸ್ಕೇಪ್ ಮತ್ತು ಗಿಂಪ್ ಬರುತ್ತವೆ. ಒಂದೇ ಪ್ಯಾಕೇಜ್ ಎರಡು ಗುಂಪುಗಳಲ್ಲಿ ಬಂದರೆ ಚಿಂತಿಸಬೇಕಾಗಿಲ್ಲ, ಅದು ಎರಡು ಸಲ ಇಳಿಯುವುದಿಲ್ಲ.

ಹಾಳೆಯಲ್ಲಿ ಏಳೆಂಟಕ್ಕಿಂತ ಹೆಚ್ಚು ಕೆಲಸಗಳಾದರೆ ಎರಡನ್ನು ಒಂದಾಗಿಸಿ. ಆಯ್ಕೆಯ ಪರದೆಯನ್ನು ನೋಡುವವರಿಗೆ ಇದು ಬೇಕು, ಇದು ಬೇಡ ಎಂದು ತಕ್ಷಣ ಹೊಳೆಯಬೇಕು. ಫೆಡೋರಾದ ಮೂಲ ಗುಂಪುಗಳೂ ಅದೇ ಪರದೆಯಲ್ಲಿ ಕೆಳಗೆ ಸೇರಿಕೊಳ್ಳುವುದರಿಂದ ನಮ್ಮ ಪಟ್ಟಿ ಚಿಕ್ಕದಾಗಿರುವುದೇ ಮೇಲು.

ನಾಲ್ಕು ಬಗೆಯ ಪ್ಯಾಕೇಜುಗಳು

ಕಾಂಪ್ಸ್ ಕಡತದಲ್ಲಿ ಪ್ರತಿ ಗುಂಪಿಗೂ ಒಂದು ಗುರುತಿನ ಹೆಸರು, ಪರದೆಯಲ್ಲಿ ಕಾಣುವ ಹೆಸರು, ಒಂದು ವಿವರಣೆ, ಗುಂಪು ಪರದೆಯಲ್ಲಿ ಕಾಣಬೇಕೇ ಬೇಡವೇ ಎಂಬ ಸೂಚನೆ ಮತ್ತು ಪ್ಯಾಕೇಜುಗಳ ಪಟ್ಟಿ ಇರುತ್ತವೆ. ಪಟ್ಟಿಯ ಪ್ರತಿ ಪ್ಯಾಕೇಜಿಗೂ ಕಡ್ಡಾಯ, ಪೂರ್ವನಿಯೋಜಿತ, ಐಚ್ಛಿಕ, ಷರತ್ತಿನದು ಎಂಬ ನಾಲ್ಕು ಬಗೆಗಳಲ್ಲಿ ಒಂದನ್ನು ನಮೂದಿಸಬೇಕು. ಕಡತದಲ್ಲಿ ಇವುಗಳಿಗೆ ಮ್ಯಾಂಡೇಟರಿ, ಡಿಫಾಲ್ಟ್, ಆಪ್ಷನಲ್, ಕಂಡಿಷನಲ್ ಎಂಬ ಪದಗಳಿವೆ. ನಮ್ಮ ಕಡೆಯ ಖಾನಾವಳಿಯ ಊಟವನ್ನು ನೆನೆಸಿಕೊಂಡರೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ರೊಟ್ಟಿ, ಪಲ್ಯ, ಅನ್ನ, ಸಾರು ಇಲ್ಲದೆ ಅದು ಊಟವೇ ಅಲ್ಲ, ಅವು ಕಡ್ಡಾಯ. ಶೇಂಗಾ ಚಟ್ನಿ, ಮೊಸರು ತಾಟಿಗೆ ತಾವಾಗಿ ಬರುತ್ತವೆ, ಬೇಡವೆಂದವರಿಗೆ ಬಡಿಸುವುದಿಲ್ಲ, ಅವು ಪೂರ್ವನಿಯೋಜಿತ. ಶೇಂಗಾ ಹೋಳಿಗೆಯನ್ನು ಕೇಳಿದವರಿಗಷ್ಟೇ ಕೊಡುತ್ತಾರೆ, ಅದು ಐಚ್ಛಿಕ. ಹೋಳಿಗೆ ತೆಗೆದುಕೊಂಡವರಿಗೆ ಮಾತ್ರ ತುಪ್ಪ ಎಂದರೆ ಅದು ಷರತ್ತಿನದು.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ, ನಾನೂ ಎಡವಿದ್ದೆ. ಗುಂಪಿಗೆ ಗುರುತು ಹಾಕಿದ ಮೇಲೆ ಅದರೊಳಗಿನ ಐಚ್ಛಿಕ ಪ್ಯಾಕೇಜುಗಳನ್ನು ಒಂದೊಂದಾಗಿ ಆರಿಸುವ ಪರದೆ ಇರುತ್ತದೆಂದು ನಂಬಿ, ನಾನು ಅರ್ಧ ಪಟ್ಟಿಯನ್ನು ಐಚ್ಛಿಕವಾಗಿ ಬರೆದಿದ್ದೆ. 2013ರ ಜನವರಿಯಲ್ಲಿ ಬಂದ ಫೆಡೋರಾ 18ರಲ್ಲಿ ಅನಕೊಂಡದ ಪರದೆಗಳನ್ನು ಹೊಸದಾಗಿ ರೂಪಿಸಿದಾಗಲೇ ಆ ಸೌಲಭ್ಯವನ್ನು ಕೈಬಿಡಲಾಗಿದೆ. ಈಗ ಪರದೆಯಿಂದ ಗುಂಪನ್ನು ಆರಿಸಿದರೆ ಅದರ ಕಡ್ಡಾಯ ಮತ್ತು ಪೂರ್ವನಿಯೋಜಿತ ಪ್ಯಾಕೇಜುಗಳು ಒಟ್ಟಾಗಿ ಬರುತ್ತವೆ, ಐಚ್ಛಿಕವಾದವು ಬರುವುದೇ ಇಲ್ಲ. ಅವು ಬೇಕಾದರೆ ಸ್ಥಾಪನೆ ಮುಗಿದ ಮೇಲೆ, ಪ್ಯಾಕೇಜುಗಳನ್ನು ತರುವ ಫೆಡೋರಾದ ಸಾಧನವಾದ ಡಿಎನ್‌ಎಫ್‌ನ ಗುಂಪು ಸ್ಥಾಪನೆಯ ಆಜ್ಞೆಗೆ ‘ವಿತ್-ಆಪ್ಷನಲ್’ ಎಂಬ ಸೂಚನೆಯನ್ನು ಸೇರಿಸಿ ತರಬೇಕು, ಇಲ್ಲವೇ ಮುಂದೆ ಹೇಳುವ ಕಿಕ್‌ಸ್ಟಾರ್ಟ್ ಕಡತದಲ್ಲಿ ಕೇಳಬೇಕು. ಆದುದರಿಂದ ಪರದೆಯಲ್ಲಿಯೇ ಬೇಕು-ಬೇಡ ಎಂದು ನಿರ್ಧರಿಸಬೇಕಾದ ವಸ್ತುವನ್ನು ಐಚ್ಛಿಕವೆಂದು ಗುಂಪಿನೊಳಗೆ ಅಡಗಿಸಬೇಡಿ, ಅದಕ್ಕೆ ಪ್ರತ್ಯೇಕ ಗುಂಪನ್ನೇ ಮಾಡಿ. ‘ವಿಜ್ಞಾನ ಪಾಠ’ದಿಂದ ‘ಪೈಥಾನ್ ಕಲಿಕೆ’ಯನ್ನು ನಾನು ಬೇರ್ಪಡಿಸಿದ್ದು ಇದೇ ಕಾರಣಕ್ಕೆ.

ಕಡ್ಡಾಯದ ಪಟ್ಟಿ ಎಷ್ಟು ಚಿಕ್ಕದಾಗಿರುತ್ತದೆಯೋ ಅಷ್ಟು ಒಳ್ಳೆಯದು. ಯಾವುದೋ ಒಂದು ಪ್ಯಾಕೇಜಿಗೆ ಅವಲಂಬನೆಯಾಗಿ ತಾನಾಗಿ ಬರುವ ಲೈಬ್ರರಿಗಳನ್ನು ಗುಂಪಿನಲ್ಲಿ ಹೆಸರಿಸುವ ಅಗತ್ಯವೇ ಇಲ್ಲ. ಅವುಗಳ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಆಗ ನಿಮ್ಮ ಪಟ್ಟಿ ಹಳಸುತ್ತದೆ.

ಭಾಷೆಯನ್ನು ಕೆಲಸದೊಳಗೆ ಬೆರೆಸಬೇಡಿ

ಬೆಳಗಾವಿಯಲ್ಲಿ ಕನ್ನಡದೊಂದಿಗೆ ಮರಾಠಿ, ವಿಜಯಪುರದಲ್ಲಿ ಕನ್ನಡದೊಂದಿಗೆ ಉರ್ದು, ಎಲ್ಲ ಶಾಲೆಗಳಲ್ಲಿ ಹಿಂದಿ: ನಮ್ಮ ಭಾಗದಲ್ಲಿ ಒಂದೇ ಲಿಪಿ ಸಾಕೆನ್ನುವ ಗಣಕ ಅಪರೂಪ. ಪ್ರತಿ ಕೆಲಸದ ಗುಂಪಿನಲ್ಲಿಯೂ ಕನ್ನಡದ ಫಾಂಟ್, ಮರಾಠಿಯ ಅನುವಾದ ಎಂದು ಸೇರಿಸುತ್ತ ಹೋದರೆ ಐದು ಕೆಲಸ ಮತ್ತು ನಾಲ್ಕು ಭಾಷೆಗಳಿಗೆ ಇಪ್ಪತ್ತು ಕಡೆ ತಿದ್ದಬೇಕಾಗುತ್ತದೆ. ಹಿಂದೆ ಷರತ್ತಿನ ಪ್ಯಾಕೇಜುಗಳು ಬಳಕೆಯಾಗುತ್ತಿದ್ದದ್ದು ಮುಖ್ಯವಾಗಿ ಈ ತೊಡಕನ್ನು ಬಿಡಿಸಲು: ಲಿಬ್ರೆಆಫೀಸ್ ಇದ್ದರೆ ಮಾತ್ರ ಅದರ ಕನ್ನಡ ಅನುವಾದವನ್ನು ತರು ಎಂದು ಭಾಷೆಯ ಗುಂಪಿನಲ್ಲಿ ಬರೆಯುತ್ತಿದ್ದರು. ಫೆಡೋರಾದ ಪ್ಯಾಕೇಜ್ ವ್ಯವಸ್ಥೆಯಾದ ಆರ್‌ಪಿಎಂನ 2014ರಲ್ಲಿ ಬಂದ 4.12 ಆವೃತ್ತಿಯಲ್ಲಿ ದುರ್ಬಲ ಅವಲಂಬನೆಗಳಿಗೆ (ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ನಂಟುಗಳಿಗೆ) ಅವಕಾಶ ದೊರೆತ ಮೇಲೆ ಆ ಜಾಣ್ಮೆ ಪ್ಯಾಕೇಜುಗಳೊಳಗೇ ಸೇರಿಕೊಂಡಿತು. ಈಗ ‘ಲ್ಯಾಂಗ್‌ಪ್ಯಾಕ್ಸ್-ಕೆಎನ್’ ಎಂಬ ಒಂದು ಪ್ಯಾಕೇಜನ್ನು ಕೇಳಿದರೆ, ಗಣಕದಲ್ಲಿ ಲಿಬ್ರೆಆಫೀಸ್ ಇದೆಯೇ ಎಂದು ನೋಡಿ ಅದರ ಕನ್ನಡ ಅನುವಾದ ತಾನಾಗಿ ಬರುತ್ತದೆ. ಮರಾಠಿಗೆ ಎಂಆರ್, ಉರ್ದುವಿಗೆ ಯುಆರ್, ಹಿಂದಿಗೆ ಎಚ್‌ಐ ಎಂಬ ಸಂಕೇತಗಳಿವೆ.

ಹಾಗಾಗಿ ‘ಕನ್ನಡ’, ‘ಮರಾಠಿ’, ‘ಉರ್ದು’ ಎಂದು ಭಾಷೆಗೊಂದರಂತೆ ಪುಟ್ಟ ಗುಂಪುಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಆಯಾ ಲ್ಯಾಂಗ್‌ಪ್ಯಾಕ್ಸ್ ಪ್ಯಾಕೇಜನ್ನು ಕಡ್ಡಾಯವಾಗಿಡಿ. ಕನ್ನಡದ ಗುಂಪಿನಲ್ಲಿ ಲೋಹಿತ್ ಕನ್ನಡ ಫಾಂಟನ್ನೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ಒದಗಿಸುವ ಐಬಸ್-ಎಂ17ಎನ್ ಪ್ಯಾಕೇಜನ್ನೂ ಹೆಸರಿಸಿ ಬರೆಯುವುದು ಸುರಕ್ಷಿತ. ‘ನುಡಿ’ ತಂತ್ರಾಂಶದಲ್ಲಿ ಟೈಪಿಂಗ್ ಕಲಿತ ಶಿಕ್ಷಕರು ಕೇಳುವುದು ಕಗಪ ವಿನ್ಯಾಸವನ್ನು. ಅದು ಲಿನಕ್ಸ್‌ನೊಂದಿಗೇ ಬರುವ ಎಕ್ಸ್‌ಕೆಬಿ ಕೀಲಿಮಣೆ ಪಟ್ಟಿಯಲ್ಲಿಯೇ ಇರುವುದರಿಂದ ಬೇರೆ ಪ್ಯಾಕೇಜ್ ಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆರಿಸಿದರೆ ಸಾಕು. ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಿಂದ ಪಠ್ಯವನ್ನು ತೆಗೆಯುವವರಿಗೆ ಟೆಸೆರಾಕ್ಟ್‌ನ ಕನ್ನಡ ದತ್ತಾಂಶದ ಪ್ಯಾಕೇಜ್ ಬೇಕು. ಅದನ್ನು ನಾನು ಭಾಷೆಯ ಗುಂಪಿಗೆ ಹಾಕದೆ ಸ್ಕ್ಯಾನಿಂಗ್ ಗುಂಪಿನಲ್ಲಿಟ್ಟಿದ್ದೇನೆ, ಏಕೆಂದರೆ ಅದು ಎಲ್ಲ ಕನ್ನಡಿಗರಿಗೂ ಬೇಕಾದ ವಸ್ತುವಲ್ಲ.

ಕಡತ ಬರೆಯುವುದು, ಭಂಡಾರಕ್ಕೆ ಸೇರಿಸುವುದು

ಕಡತವನ್ನು ಖಾಲಿ ಹಾಳೆಯಿಂದ ಆರಂಭಿಸಬೇಡಿ. ಫೆಡೋರಾದ ಕಾಂಪ್ಸ್ ಕಡತದಿಂದ ಒಂದು ಚಿಕ್ಕ ಗುಂಪನ್ನು ನಕಲಿಸಿಕೊಂಡು, ಅದರ ಹೆಸರು ಮತ್ತು ಪಟ್ಟಿಯನ್ನು ಬದಲಿಸುತ್ತ ಹೋಗುವುದು ಸುಲಭ. ಗುರುತಿನ ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ. ಮೊದಲಿಗೆ ನಿಮ್ಮ ಸಂಸ್ಥೆಯ ಒಂದು ಚಿಕ್ಕ ಸಂಕೇತವನ್ನು ಸೇರಿಸಿದರೆ ಫೆಡೋರಾದ ಯಾವ ಗುಂಪಿನೊಂದಿಗೂ ಅದು ಬೆರೆತುಹೋಗುವುದಿಲ್ಲ. ಕಾಣುವ ಹೆಸರನ್ನು ಮತ್ತು ವಿವರಣೆಯನ್ನು ಇಂಗ್ಲಿಷಿನಲ್ಲಿ ಒಮ್ಮೆ, ಭಾಷಾ ಸಂಕೇತವಾಗಿ ಕೆಎನ್ ಎಂದು ನಮೂದಿಸಿ ಕನ್ನಡದಲ್ಲಿ ಇನ್ನೊಮ್ಮೆ ಬರೆಯಿರಿ. ಹಾಗೆ ಬರೆದರೆ ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲಿ ಕನ್ನಡವನ್ನು ಆರಿಸಿದವರಿಗೆ ಗುಂಪಿನ ಹೆಸರು ಕನ್ನಡದಲ್ಲಿಯೇ ಕಾಣುತ್ತದೆ. ವಿವರಣೆಗೆ ಸಮಯ ಕೊಡಿ. ‘ವಿಜ್ಞಾನ ತಂತ್ರಾಂಶಗಳು’ ಎನ್ನುವ ಬದಲು ‘ರಾತ್ರಿಯ ಆಕಾಶ ಮತ್ತು ಮೂಲಧಾತುಗಳ ಕೋಷ್ಟಕವನ್ನು ತರಗತಿಯಲ್ಲಿ ತೋರಿಸಲು’ ಎಂದು ಬರೆದರೆ ವಿಜ್ಞಾನ ಶಿಕ್ಷಕರು ಯಾರನ್ನೂ ಕೇಳದೆ ಗುರುತು ಹಾಕುತ್ತಾರೆ.

ಗುಂಪುಗಳಾದ ಮೇಲೆ ಪರಿಸರ. ನಾಲ್ಕು ಜಿಬಿ ಮೆಮೊರಿಯ ಹಳೆಯ ಗಣಕಗಳಿಗೆ ನಾನು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆರಿಸುತ್ತೇನೆ. ಪರಿಸರದ ನಮೂದಿನಲ್ಲಿ ಎರಡು ಪಟ್ಟಿಗಳಿರುತ್ತವೆ: ಯಾವಾಗಲೂ ಬರುವ ಗುಂಪುಗಳದ್ದೊಂದು, ಬಲಭಾಗದಲ್ಲಿ ಆಯ್ಕೆಗೆ ಕಾಣುವ ಗುಂಪುಗಳದ್ದಿನ್ನೊಂದು. ಮೊದಲನೆಯದರಲ್ಲಿ ಫೆಡೋರಾದ್ದೇ ಆದ ಕೋರ್, ಹಾರ್ಡ್‌ವೇರ್ ಸಪೋರ್ಟ್, ಫಾಂಟ್ಸ್, ಪ್ರಿಂಟಿಂಗ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮುಂತಾದ ಗುಂಪುಗಳನ್ನು ಹೆಸರಿಸಿ. ಅವುಗಳೊಳಗಿನ ಪ್ಯಾಕೇಜುಗಳನ್ನು ನಿಮ್ಮ ಕಡತಕ್ಕೆ ನಕಲಿಸಿಕೊಳ್ಳಬೇಡಿ. ಎರಡನೆಯದರಲ್ಲಿ ನಿಮ್ಮ ಕೆಲಸದ ಮತ್ತು ಭಾಷೆಯ ಗುಂಪುಗಳಿರಲಿ. ಕನ್ನಡದ ಗುಂಪಿಗೆ ಮೊದಲೇ ಗುರುತು ಬಿದ್ದಿರುವಂತೆಯೂ ಇಲ್ಲಿ ಸೂಚಿಸಬಹುದು.

ಬರೆದು ಮುಗಿದ ಕಡತವನ್ನು ‘ಎಕ್ಸ್‌ಎಂಎಲ್‌ಲಿಂಟ್’ ಆಜ್ಞೆಯಿಂದ ಪರೀಕ್ಷಿಸಿ, ಮುಚ್ಚದೆ ಬಿಟ್ಟ ಒಂದು ಆವರಣ ಚಿಹ್ನೆ ಇಡೀ ಪಟ್ಟಿಯನ್ನೇ ಮಾಯ ಮಾಡಬಲ್ಲದು. ಬಳಿಕ ಒಂದು ಫೋಲ್ಡರ್‌ನಲ್ಲಿ ‘ಕ್ರಿಯೇಟ್‌ರೆಪೊ_ಸಿ’ ಆಜ್ಞೆಯನ್ನು ‘ಗ್ರೂಪ್‌ಫೈಲ್’ ಸೂಚನೆಯೊಂದಿಗೆ ನಡೆಸಿದರೆ ಆ ಫೋಲ್ಡರ್ ಭಂಡಾರವಾಗುತ್ತದೆ. ಅದರಲ್ಲಿ ಒಂದೂ ಪ್ಯಾಕೇಜ್ ಇಲ್ಲದಿದ್ದರೂ ನಡೆಯುತ್ತದೆ, ಏಕೆಂದರೆ ಫೆಡೋರಾದ ಮೂಲ ಭಂಡಾರವನ್ನೂ ಇದನ್ನೂ ಒಟ್ಟಿಗೆ ಕೊಟ್ಟಾಗ ಎರಡರ ಗುಂಪುಗಳೂ ಒಂದೇ ಪಟ್ಟಿಯಾಗಿ ಕಾಣುತ್ತವೆ. ಸಂಪರ್ಕ ಚೆನ್ನಾಗಿಲ್ಲದ ಊರಾದರೆ ಪ್ಯಾಕೇಜುಗಳನ್ನು ಅವುಗಳ ಅವಲಂಬನೆಗಳ ಸಮೇತ ಮೊದಲೇ ಇಳಿಸಿ ಅದೇ ಫೋಲ್ಡರ್‌ನಲ್ಲಿಟ್ಟು ಭಂಡಾರ ಮಾಡಿ. ಹನ್ನೆರಡು ಗಣಕಗಳು ಒಂದೇ ಪ್ಯಾಕೇಜನ್ನು ಹನ್ನೆರಡು ಸಲ ಹೊರಗಿನಿಂದ ಎಳೆಯುವುದು ಆಗ ತಪ್ಪುತ್ತದೆ.

ಹತ್ತಾರು ಗಣಕಗಳಿದ್ದರೆ ಕಿಕ್‌ಸ್ಟಾರ್ಟ್

ಪ್ರತಿ ಗಣಕದಲ್ಲಿಯೂ ಗುರುತು ಹಾಕುವ ಬದಲು ಆಯ್ಕೆಗಳನ್ನೆಲ್ಲ ಒಂದು ಕಿಕ್‌ಸ್ಟಾರ್ಟ್ ಕಡತದಲ್ಲಿ ಬರೆದಿಡಬಹುದು. ಮೊದಲ ಗಣಕಕ್ಕೆ ಕೈಯಿಂದಲೇ ಸ್ಥಾಪನೆ ಮಾಡಿ. ಮುಗಿದ ಮೇಲೆ ರೂಟ್ ಬಳಕೆದಾರನ ಫೋಲ್ಡರ್‌ನಲ್ಲಿ ಅನಕೊಂಡ ತಾನೇ ಬರೆದಿಟ್ಟ ಕಡತ ಸಿಗುತ್ತದೆ, ಅದನ್ನೇ ಮಾದರಿಯಾಗಿಟ್ಟುಕೊಳ್ಳಿ. ಅದರ ಪ್ಯಾಕೇಜುಗಳ ಭಾಗದಲ್ಲಿ ಪರಿಸರದ ಹೆಸರಿಗೆ ಮೊದಲು @^ ಎಂದೂ, ಗುಂಪಿನ ಹೆಸರಿಗೆ ಮೊದಲು @ ಎಂದೂ, ಬೇಡವಾದ ಪ್ಯಾಕೇಜಿನ ಹೆಸರಿಗೆ ಮೊದಲು - ಎಂದೂ ಬರೆಯಬೇಕು. ಖಾನಾವಳಿಯಲ್ಲಿ ಮೊಸರು ಬೇಡವೆನ್ನುವ ಅವಕಾಶ ಪರದೆಯಲ್ಲಿ ಇಲ್ಲದಿದ್ದರೂ ಇಲ್ಲಿ ಇದೆ. ಕಡತವನ್ನು ‘ಕೆಎಸ್‌ವ್ಯಾಲಿಡೇಟರ್’ನಿಂದ ಪರೀಕ್ಷಿಸಿದ ಬಳಿಕ ಶಾಲೆಯ ಒಂದು ಗಣಕದಿಂದ ಎಚ್‌ಟಿಟಿಪಿ ಮೂಲಕ ಒದಗಿಸಿ, ಉಳಿದವುಗಳ ಬೂಟ್ ಸಾಲಿನಲ್ಲಿ ಅದರ ವಿಳಾಸವನ್ನು ಕೊಟ್ಟರಾಯಿತು.

ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ಕಾಂಪ್ಸ್ ಕಡತವಿಲ್ಲ. ಅಲ್ಲಿ ಟಾಸ್ಕ್‌ಸೆಲ್ ಎಂಬ ಪರದೆಯೂ, ತಮ್ಮೊಂದಿಗೆ ಇತರ ಪ್ಯಾಕೇಜುಗಳನ್ನು ಎಳೆದು ತರುವ ಮೆಟಾಪ್ಯಾಕೇಜುಗಳೂ ಇದೇ ಕೆಲಸವನ್ನು ಮಾಡುತ್ತವೆ, ಶಾಲೆಗಳಿಗಾಗಿ ಡೆಬಿಯನ್ ಎಜು ಯೋಜನೆ ಸಿದ್ಧಪಡಿಸಿದ ವಿಷಯವಾರು ಮೆಟಾಪ್ಯಾಕೇಜುಗಳನ್ನು ನೇರವಾಗಿ ಬಳಸಿಕೊಳ್ಳಬಹುದು.

ಪರೀಕ್ಷೆ

ಯಾವ ಗುಂಪನ್ನೂ ನೇರವಾಗಿ ಶಾಲೆಯ ಗಣಕದಲ್ಲಿ ಪ್ರಯೋಗಿಸಬೇಡಿ. ನಿಮ್ಮ ಗಣಕದ ವರ್ಚುವಲ್ ಯಂತ್ರದಲ್ಲಿ (ಗಣಕದೊಳಗೆ ತಂತ್ರಾಂಶದಿಂದಲೇ ರೂಪಿಸಿದ ಇನ್ನೊಂದು ಗಣಕದಲ್ಲಿ) ಒಂದು ಸಲಕ್ಕೆ ಒಂದೇ ಗುಂಪಿಗೆ ಗುರುತು ಹಾಕಿ ಸ್ಥಾಪಿಸಿ. ಪ್ಯಾಕೇಜಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಡಿಎನ್‌ಎಫ್ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಇನ್‌ಸ್ಟಾಲರ್‌ನ ಗದ್ದಲದಲ್ಲಿ ಆ ಸಾಲು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಸ್ಥಾಪನೆಯಾದ ಮೇಲೆ ಅನಕೊಂಡದ ಲಾಗ್ ಫೋಲ್ಡರ್‌ನಲ್ಲಿರುವ ‘ಪ್ಯಾಕೇಜಿಂಗ್’ ಕಡತವನ್ನು ಓದುವುದನ್ನು ರೂಢಿ ಮಾಡಿಕೊಳ್ಳಿ. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲವಿರುವುದರಿಂದ ಹೊಸ ಆವೃತ್ತಿಗೆ ಹೋಗುವಾಗಲೆಲ್ಲ ಇದೇ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಅಷ್ಟು ಬಿಡುವಿಲ್ಲದವರು ದೀರ್ಘ ಬೆಂಬಲದ ಆಲ್ಮಾಲಿನಕ್ಸ್‌ಗೆ ಇದೇ ರೂಪದ ಕಡತವನ್ನು ಬರೆದುಕೊಳ್ಳಬಹುದು, ಆದರೆ ಅಲ್ಲಿ ಹೆಚ್ಚುವರಿ ಪ್ಯಾಕೇಜುಗಳಿಗೆ ಇಪೆಲ್ ಭಂಡಾರವನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ತಂತ್ರಾಂಶ ತೆರೆದುಕೊಂಡಿತೆಂದರೆ ಪರೀಕ್ಷೆ ಮುಗಿಯಿತೆಂದು ತಿಳಿಯಬಾರದು. ಗುಂಪಿನ ಹೆಸರು ಯಾವ ಕೆಲಸವನ್ನು ಹೇಳುತ್ತದೆಯೋ ಅದನ್ನು ಕೊನೆಯವರೆಗೆ ಮಾಡಿ ನೋಡಬೇಕು. ಮುದ್ರಣದ ಗುಂಪಿಗೆ ನಾನು ಮಾಡುವುದಿಷ್ಟು: ಸ್ಕ್ರೈಬಸ್‌ನಲ್ಲಿ ಒಂದು ಲಗ್ನಪತ್ರಿಕೆಯನ್ನು ತೆರೆದು, ಒತ್ತಕ್ಷರಗಳು ತುಂಬಿದ ನಾಲ್ಕು ಸಾಲು ಕನ್ನಡವನ್ನೂ ನಾಲ್ಕು ಸಾಲು ಮರಾಠಿಯನ್ನೂ ಟೈಪ್ ಮಾಡಿ, ಪಠ್ಯದ ಭಾಷೆಯನ್ನು ಮರಾಠಿಯೆಂದು ನಮೂದಿಸಿ, ಪಿಡಿಎಫ್ ತೆಗೆದು ಕಾಗದದ ಮೇಲೆ ಮುದ್ರಿಸುತ್ತೇನೆ. ಮರಾಠಿಯ ಲ ಮತ್ತು ಶ ಅಕ್ಷರಗಳ ರೂಪ ಹಿಂದಿಯದಕ್ಕಿಂತ ಬೇರೆಯಾಗಿರುವುದರಿಂದ ಆ ಎರಡನ್ನು ಬೆಳಗಾವಿಯ ಗಿರಾಕಿಗಳು ಮೊದಲ ನೋಟಕ್ಕೇ ಗುರುತಿಸುತ್ತಾರೆ. ಮುದ್ರಣಾಲಯದವರ ಕೈಗೆ ಆ ಹಾಳೆಯನ್ನು ಕೊಟ್ಟು, ಅವರು ಎರಡೂ ಭಾಷೆಯ ಸಾಲುಗಳನ್ನು ಓದಿ ಸರಿಯೆಂದ ಮೇಲೆಯೇ ಆ ಗುಂಪನ್ನು ಉಳಿದ ಗಣಕಗಳ ಕಿಕ್‌ಸ್ಟಾರ್ಟ್ ಕಡತಕ್ಕೆ ಸೇರಿಸುತ್ತೇನೆ.