ಕೊನೆಯಲ್ಲಿ ಏನೂ ಇಲ್ಲದ ರಸ್ತೆಗಳು: ಪುಣೆ ಸುತ್ತಮುತ್ತ ನನ್ನ ಸೈಕಲ್ ಅನುಭವ

ಪುಣೆಯಲ್ಲಿ ಗೇರ್ ಸೈಕಲ್ ತಗೊಂಡವರೆಲ್ಲ ಮೊದಲು ಹೋಗೋದು ಸಿಂಹಗಡಕ್ಕೆ. ನಾನೂ ಅಲ್ಲಿಗೇ ಹೋದೆ. ಬುಡದಿಂದ ಸುಮಾರು 9 ಕಿಲೋಮೀಟರ್ ಏರು, ಕೋಟೆ ಇರೋದು 1,300 ಮೀಟರ್ ಎತ್ತರದಲ್ಲಿ. ಕಾಲಿಗೆ ಒಳ್ಳೇ ಕೆಲಸ. ಆದರೆ ಭಾನುವಾರ ಬೆಳಿಗ್ಗೆ ಎಂಟಾಯಿತು ಅಂದರೆ ಮುಗೀತು. ಪಿಠ್ಲ ಭಾಕ್ರಿ ತಿನ್ನೋಕೆ ಅರ್ಧ ಪುಣೆ ಕಾರು ಹತ್ತಿ ಬಂದಿರುತ್ತೆ. ಏದುಸಿರು ಬಿಡುತ್ತಾ ಏರುವಾಗ ಮುಂದಿನ ಗಾಡಿಯ ಹೊಗೆ, ಸುಟ್ಟ ಕ್ಲಚ್ಚಿನ ವಾಸನೆ. ಇದಕ್ಕಾ ನಾಲ್ಕೂವರೆಗೆ ಎದ್ದಿದ್ದು ಅನಿಸುತ್ತೆ.

ಹಾಗಾಗಿ ಬೇರೆ ಲೆಕ್ಕ ಹಾಕೋಕೆ ಶುರು ಮಾಡಿದೆ. ರಸ್ತೆ ಖಾಲಿ ಇರಬೇಕು ಅಂದರೆ ಅದರ ಕೊನೆಯಲ್ಲಿ ಏನೂ ಇರಬಾರದು. ಕೋಟೆ, ಜಲಪಾತ, ರೆಸಾರ್ಟ್, ಫೋಟೋ ತೆಗೆಸಿಕೊಳ್ಳೋ ಜಾಗ, ಯಾವುದೂ ಬೇಡ. ಇದ್ದರೂ ಅಲ್ಲಿಗೆ ಹೋಗೋಕೆ ಇನ್ನೊಂದು ಅಗಲವಾದ ರಸ್ತೆ ಇರಬೇಕು, ಕಾರಿನವರು ಅದರಲ್ಲಿ ಹೋಗಲಿ. ಮ್ಯಾಪ್ ನೋಡುವಾಗ ಎಲ್ಲರೂ ಊರು ಹುಡುಕುತ್ತಾರೆ. ನಾನು ಊರು ಬಿಟ್ಟು ನೀರು ಹುಡುಕುತ್ತೇನೆ.

ಪುಣೆಯ ಪಶ್ಚಿಮಕ್ಕೆ ನೀರಿಗೇನು ಬರ? ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೇಮ್‌ಘರ್, ಮುಳಶಿ, ಪವನಾ, ಸಾಲಾಗಿ ಅಣೆಕಟ್ಟು. ಹಿನ್ನೀರು ಕಣಿವೆಯೊಳಗೆ ಉದ್ದಕ್ಕೆ ಚಾಚಿಕೊಂಡಿದೆ. ಹಳೇ ನೇರ ದಾರಿಗಳು ಮುಳುಗಿದವು, ಉಳಿದ ಊರುಗಳಿಗೆ ಈಗಿನ ರಸ್ತೆ ನೀರಿನ ಅಂಚು ಹಿಡಿದು ಸುತ್ತಿ ಬಳಸಿ ಹೋಗುತ್ತೆ. ಟಾಟಾದವರು ವಿದ್ಯುತ್ತಿಗೆ ಅಂತ ಮುಳಶಿ ಅಣೆಕಟ್ಟು ಕಟ್ಟೋಕೆ ಹೊರಟಾಗ 1921ರಲ್ಲಿ ರೈತರು ಸತ್ಯಾಗ್ರಹ ಮಾಡಿದ್ದರು. ಮುಂದೆ ನಿಂತವರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಇದ್ದರು. ಅಣೆಕಟ್ಟು ಆಯಿತು, ಜಮೀನು ಹೋಯಿತು. ನಾವು ಖುಷಿಯಿಂದ ಸೈಕಲ್ ಹೊಡೆಯೋ ಆ ಸುತ್ತು, ಅಲ್ಲಿನವರಿಗೆ ದವಾಖಾನೆಗೆ ಹೋಗೋ ದೂರ. ಇದನ್ನ ನೆನಪಿಟ್ಟುಕೊಂಡರೆ ಊರೊಳಗೆ ಹಾಯುವಾಗ ನಡವಳಿಕೆ ತಾನಾಗಿ ಸರಿಯಾಗುತ್ತೆ.

ದಾರಿಯಲ್ಲಿ ಇನ್ನೊಂದು ಗುರುತು ಕಿಲೋಮೀಟರ್ ಕಲ್ಲು. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಇದ್ದರೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಕಿತ್ತಳೆ ಕಲ್ಲು ಕಂಡರೆ ನನಗೆ ಹಬ್ಬ. ಒಂದೇ ತಾಪತ್ರಯ, ಇಂಥ ರಸ್ತೆಯ ಡಾಂಬರು ಎಲ್ಲಿ ಮುಗಿಯುತ್ತೋ ಹೇಳೋಕಾಗಲ್ಲ. "ಪುಢೇ ರಸ್ತಾ ಆಹೇ ಕಾ?" (ಮುಂದೆ ರಸ್ತೆ ಇದೆಯಾ?) ಅಂತ ಮರಾಠಿಯಲ್ಲಿ ಕೇಳಿದರೆ ಎಲ್ಲರೂ ಆಹೇ, ಇದೆ ಅಂತಲೇ ಹೇಳುತ್ತಾರೆ. ಸುಳ್ಳಲ್ಲ, ಎಮ್ಮೆ ಹೋಗೋ ರಸ್ತೆ ಇದ್ದೇ ಇರುತ್ತೆ. ಅದಕ್ಕೆ ನಾನು ಕೇಳೋದು "ಎಸ್‌ಟಿ ಯೇತೇ ಕಾ?" ಅಂತ, ಅಂದರೆ ಸರ್ಕಾರಿ ಬಸ್ಸು ಬರುತ್ತಾ ಅಂತ. ಕೆಂಪು ಬಸ್ಸು ಬರುತ್ತೆ ಅಂದರೆ ನನ್ನ 28 ಮಿಲಿಮೀಟರ್ ಟೈರೂ ಹೋಗುತ್ತೆ.

ಈಗ ನನಗೆ ಬಹಳ ಇಷ್ಟವಾದ ಸುತ್ತು ಹೇಳುತ್ತೇನೆ. ಕೋಥ್ರೂಡ್‌ನಿಂದ ಖಡಕ್‌ವಾಸ್ಲಾ, ಖಾನಾಪುರ, ಪಾಬೆ ಘಾಟ್, ವೆಲ್ಹೆ, ನಸರಾಪುರ, ಅಲ್ಲಿಂದ ವಾಪಸ್. ಒಟ್ಟು ಸುಮಾರು 120 ಕಿಲೋಮೀಟರ್. ವೆಲ್ಹೆಗೆ ಬಸ್ಸು ಟ್ರಕ್ಕು ಜಾಸ್ತಿ ಹೋಗೋದು ನಸರಾಪುರದ ಕಡೆಯಿಂದ. ಘಾಟಿನ ದಾರಿ ಚಿಕ್ಕದು, ಕಡಿದು. ಅದಕ್ಕೇ ನಮಗೆ ಉಳಿದಿದೆ.

ಐದಕ್ಕೆ ಮನೆ ಬಿಟ್ಟರೆ ಖಡಕ್‌ವಾಸ್ಲಾ ಹತ್ತಿರ ಬೆಳಕು ಹರಿಯುತ್ತೆ. ಡೋಣಜೆಯಲ್ಲಿ ಕಾರುಗಳೆಲ್ಲ ಸಿಂಹಗಡಕ್ಕೆ ತಿರುಗುತ್ತವೆ, ನಾವು ಪಾನ್‌ಶೇತ್ ರಸ್ತೆಯಲ್ಲೇ ಮುಂದೆ. ಅಲ್ಲಿಂದ ಗದ್ದಲ ಒಮ್ಮೆಲೇ ಇಳಿಯುತ್ತೆ. ಖಾನಾಪುರದಲ್ಲಿ ಪೋಹೆ, ಚಹಾ. ಬಾಟಲಿ ಇಲ್ಲೇ ತುಂಬಿಸಿಕೊಳ್ಳಿ, ಮುಂದೆ ವೆಲ್ಹೆ ತನಕ ಅಂಗಡಿ ಸಿಕ್ಕರೆ ಪುಣ್ಯ. ಆ ಹೊತ್ತಿನಲ್ಲಿ ಹುಷಾರಾಗಿರಬೇಕಾದದ್ದು ಹಾಲಿನ ಪಿಕಪ್ ಗಾಡಿಗಳಿಗೆ. ಡೇರಿಗೆ ತಡವಾಗಬಾರದು ಅಂತ ತಿರುವಿನಲ್ಲೂ ವೇಗ ಇಳಿಸಲ್ಲ, ಎದುರಿಗೆ ಯಾರೂ ಇರಲ್ಲ ಅನ್ನೋ ಧೈರ್ಯ ಅವರಿಗೂ ಇರುತ್ತಲ್ವಾ. ತಿರುವಿನಲ್ಲಿ ಎಡ ಅಂಚು ಬಿಡಬೇಡಿ.

ಖಾನಾಪುರದಿಂದ ಎಡಕ್ಕೆ ರಾಂಜಣೆ ಕಡೆ ಹೊರಳಿದರೆ ಘಾಟ್ ಶುರು. ಇಲ್ಲಿ ಗೇರಿನ ಮಾತು ಬರುತ್ತೆ. ನನ್ನ ಸೈಕಲ್ ಅಂಗಡಿಯಿಂದ ಬಂದಾಗ ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದು. ಮೊಣಕಾಲು ದೂರು ಹೇಳತೊಡಗಿದ ಮೇಲೆ 34ರದ್ದು ಹಾಕಿಸಿದೆ. ಮುಂದೆ ಚಿಕ್ಕದೂ 34. ಅಂದರೆ ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು. ನಡೆಯುವವರು ಹಿಂದೆ ಹಾಕಿ ಹೋಗಬಹುದು, ಹೋಗಲಿ ಬಿಡಿ. ಬದಲಿಸೋ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಹಿಂದಿನ ಡಿರೇಲರ್‌ನ ತೋಳು ಉದ್ದದ್ದಿರಬೇಕು. ಗಿಡ್ಡ ತೋಳಿನದು ಅಷ್ಟು ದೊಡ್ಡ ಚಕ್ರಕ್ಕೆ ಆಗಿಬರಲ್ಲ, ಚೈನೂ ಉದ್ದ ಮಾಡಬೇಕಾಗುತ್ತೆ.

ಈ ಏರಿನಲ್ಲಿ ಒಂದು ಸಲ ರಸ್ತೆ ಪಕ್ಕದ ಚರಂಡಿ ಕೆಲಸ ನಡೆದಿತ್ತು. ಬುಟ್ಟಿ ಹೊತ್ತವರ ಮಾತು ಕಿವಿಗೆ ಬಿತ್ತು, ಕನ್ನಡ! ನಿಲ್ಲಿಸಿ "ಯಾವೂರ್ರೀ?" ಅಂದೆ. ಯಾದಗಿರಿ ಕಡೆಯವರು. ರುಮಾಲು ಸುತ್ತಿದ ಹಿರಿಯರೊಬ್ಬರು ಸೈಕಲ್ಲನ್ನೂ ನನ್ನನ್ನೂ ಒಂದು ಸುತ್ತು ನೋಡಿದರು.

"ಇಷ್ಟ್ ತ್ರಾಸ್ ಪಟ್ಟು ಏರಿ ಮ್ಯಾಲ ಏನ್ ಮಾಡ್ತಿ ಯವ್ವಾ?"

"ಏನಿಲ್ರಿ ಕಾಕಾ. ಆ ಕಡಿ ಇಳೀತೀನ್ರಿ."

"ಇಳ್ಯಾಕಂತ ಏರೂದಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಇರಲಿಲ್ಲ. ಧಾರವಾಡದವಳು ಅಂತ ಗೊತ್ತಾದ ಮೇಲೆ ಕೊಡದಿಂದ ನೀರು ಬಗ್ಗಿಸಿ ಕೊಟ್ಟರು. ಹೊರಡುವಾಗ ಕಾಕಾ ಕೂಗಿ ಹೇಳಿದರು, "ಆ ಕಡಿ ಎರಡನೇ ತಿರುವಿಗೆ ಖಡಿ ಚೆಲ್ಲೇತಿ, ಸಾವಕಾಶ ಹೋಗವ್ವಾ." ನಿಜವಾಗಿಯೂ ಅಲ್ಲಿ ಮೊಳದಗಲ ಜಲ್ಲಿ ಹರಡಿತ್ತು. ಅಂದಿನಿಂದ ಘಾಟಿನಲ್ಲಿ ಯಾರೇ ಕೆಲಸ ಮಾಡುತ್ತಿದ್ದರೂ ಆ ಕಡೆ ರಸ್ತೆ ಹೇಗಿದೆ ಅಂತ ಕೇಳದೆ ಮುಂದೆ ಹೋಗಲ್ಲ. ಮರಾಠಿಯೋ ಕನ್ನಡವೋ, ಯಾವುದಾದರೂ ಒಂದು ನಡೆಯುತ್ತೆ.

ನೆತ್ತಿಗೆ ಬಂದರೆ ಎದುರಿಗೆ ಬಲಕ್ಕೆ ತೋರಣಾ, ಎಡಕ್ಕೆ ರಾಜಗಡ. ಶಿವಾಜಿ ಮೊದಲಿಗೆ ಹಿಡಿದ ಕೋಟೆಗಳಲ್ಲಿ ಒಂದು ತೋರಣಾ. ರಾಯಗಡಕ್ಕೆ ಹೋಗುವ ಮುಂಚೆ ರಾಜಧಾನಿ ಇದ್ದದ್ದು ರಾಜಗಡದಲ್ಲಿ. ಎರಡನ್ನೂ ಒಂದೇ ಕಡೆ ನಿಂತು ನೋಡೋಕೆ ಟಿಕೆಟ್ಟಿಲ್ಲ, ಪಾರ್ಕಿಂಗ್ ಜಗಳವೂ ಇಲ್ಲ. ಅಲ್ಲಿ ಕೂತು ಶೇಂಗಾ ಚಿಕ್ಕಿ ತಿನ್ನೋದು ನನ್ನ ಪದ್ಧತಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇರಬೇಡಿ. ರಿಮ್ ಬ್ರೇಕ್ ಆದರೆ ರಿಮ್ಮು ಕಾದು ಟ್ಯೂಬಿಗೇ ಏಟು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಮಳೆಗಾಲದಲ್ಲಿ ನೆರಳಿರೋ ತಿರುವಿನಲ್ಲಿ ಪಾಚಿ ಕಟ್ಟಿರುತ್ತೆ, ಅಲ್ಲಿ ಜೋರು ಬ್ರೇಕ್ ಹೊಡೆದರೆ ಬಿದ್ದಿರಿ ಅಂತಲೇ ಲೆಕ್ಕ.

ವೆಲ್ಹೆಯಿಂದ ಮಾರ್ಗಾಸನಿ ಮೇಲೆ ನಸರಾಪುರದ ತನಕ ಭತ್ತದ ಗದ್ದೆ, ಸಣ್ಣ ಏರಿಳಿತ, ಆರಾಮ. ನಸರಾಪುರ ದಾಟಿದರೆ ಹೆದ್ದಾರಿ. ಬಲಕ್ಕೆ ಹೊರಳಿದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಸೀದಾ ನಮ್ಮ ಮನೆ. ಪ್ರತಿ ಸಲ ಒಂದು ನಿಮಿಷ ಆ ಕಡೆ ನೋಡಿ ಎಡಕ್ಕೆ ಹೊರಳುತ್ತೇನೆ. ಈ ಸುತ್ತಿನಲ್ಲಿ ಕೆಟ್ಟ ಭಾಗ ಇದೇ. ಲಾರಿಗಳು ಕಿವಿ ಪಕ್ಕದಲ್ಲೇ ಹೋಗುತ್ತವೆ. ಕಾಲಲ್ಲಿ ಕಸುವಿದ್ದರೆ ಖೇಡ್ ಶಿವಾಪುರದಲ್ಲಿ ಎಡಕ್ಕೆ ಕೊಂಢಣಪುರದ ದಾರಿ ಹಿಡಿಯಬಹುದು. ಇನ್ನೊಂದು ಏರು ಜಾಸ್ತಿಯಾಗುತ್ತೆ, ಆದರೆ ಸಿಂಹಗಡದ ಘಾಟ್ ರಸ್ತೆಗೆ ಬಂದು ಸೇರುತ್ತೀರಿ. ಮಧ್ಯಾಹ್ನವಾಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಹೆದ್ದಾರಿಯಲ್ಲೇ ಬರುತ್ತೇನೆ.

ಇಷ್ಟು ಏರು ಬೇಡ ಅನ್ನುವವರಿಗೆ ಪೌಡ್‌ನಿಂದ ಕೋಳ್ವಣ್, ತಿಕೋನಾ, ಪವನಾನಗರ, ಕಾಮಶೇತ್ ದಾರಿ ಇದೆ. ಚಾಂದಣಿ ಚೌಕದಿಂದ ಪಿರಂಗುಟ್ ತನಕ ಕಾರ್ಖಾನೆ ಲಾರಿಗಳು, ಅದನ್ನ ಬೆಳಗಿನ ಆರರೊಳಗೆ ದಾಟಿಬಿಡಬೇಕು. ಕೋಳ್ವಣ್ ಕಣಿವೆ ಜುಲೈನಲ್ಲಿ ನೋಡಬೇಕು, ನಾಟಿ ಹೊತ್ತು. ಪವನಾ ಹಿನ್ನೀರಿನ ದಂಡೆ ಮಾತ್ರ ವಾರಾಂತ್ಯಕ್ಕೆ ಟೆಂಟಿನವರದು, ಶನಿವಾರ ರಾತ್ರಿಯ ಡಿಜೆ ಮುಗಿಸಿ ಅವರು ಏಳೋದರೊಳಗೆ ಹಾದು ಹೋಗಿ. ಕಾಮಶೇತ್‌ನಿಂದ ಹಳೇ ಮುಂಬೈ ರಸ್ತೆಯಲ್ಲಿ ವಾಪಸ್. ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡಲ್ಲ, ಅದೂ ಒಳ್ಳೇದೇ.

ಲವಾಸಾ ರಸ್ತೆಯನ್ನ ಬಹಳ ಜನ ಹೊಗಳುತ್ತಾರೆ. ನನಗೆ ಸೇರಲ್ಲ. ರಜೆ ದಿನ ಬೈಕಿನವರ ರೇಸು ನಡೆಯುತ್ತೆ. ತಾಮ್ಹಿಣಿ ಘಾಟೂ ಹಾಗೇ. ಮಳೆಗಾಲದ ಶನಿವಾರ, ಭಾನುವಾರ ಜಲಪಾತದ ಕೆಳಗೆ ಜಾತ್ರೆ. ಅದನ್ನ ಸೆಪ್ಟೆಂಬರ್ ಕೊನೆಗೆ, ವಾರದ ನಡುವೆ ಒಂದು ರಜೆ ಹಾಕಿ ನೋಡಿ. ಮಳೆ ಕಡಿಮೆಯಾಗಿರುತ್ತೆ, ಗುಡ್ಡದ ತುಂಬ ಹಳದಿ ಸೋನಕಿ ಹೂ. ಒಬ್ಬಳೇ ಹೋದರೆ ಫೋನಿಗೆ ನೆಟ್‌ವರ್ಕ್ ಇಲ್ಲದ ಜಾಗ ಎಲ್ಲಿ, ಎಷ್ಟು ಹೊತ್ತಿಗೆ ಮತ್ತೆ ಸಿಗುತ್ತೀನಿ ಅಂತ ಮನೆಯವರಿಗೆ ಮೊದಲೇ ಹೇಳಿರುತ್ತೇನೆ. ಎರಡು ಟ್ಯೂಬು, ಪಂಪು ಚೀಲದಲ್ಲಿ ಇದ್ದೇ ಇರುತ್ತೆ, ಜಾಲಿ ಮುಳ್ಳಿಗೆ ಒಂದು ಸಾಲಲ್ಲ.

ಪಾಬೆಯ ಪೂರ್ತಿ ಸುತ್ತು ಮೊದಲ ಸಲಕ್ಕೆ ಜಾಸ್ತಿ ಅನಿಸಿದರೆ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಖಾನಾಪುರಕ್ಕೆ ಬನ್ನಿ. ಅಲ್ಲಿಂದ ವೆಲ್ಹೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ. ಘಾಟ್ ಎರಡೂ ಕಡೆಯಿಂದ ಏರಿದಂತಾಗುತ್ತೆ. ವಾಪಸ್ ಬರೋ ಏರು ದಕ್ಷಿಣಕ್ಕೆ ಮುಖ ಮಾಡಿದೆ, ಬಿಸಿಲು ನೇರ ಬೀಳುತ್ತೆ. ಮಾರ್ಚ್ ನಂತರವಾದರೆ ಒಂಬತ್ತರೊಳಗೆ ವೆಲ್ಹೆ ಬಿಟ್ಟುಬಿಡಿ.